ಬಿಳಿ ಚಾಕ್ ಪೇಂಟ್ ಮೇಲೆ ಗುಲಾಬಿ ಕಲೆ ಬರುತ್ತಿದ್ದರೆ

ಹಳೆ ಬೀಟೆ ಮರದ ಟೀಪಾಯಿಗೆ ಬಿಳಿ ಚಾಕ್ ಪೇಂಟ್ (ಹೊಳಪಿಲ್ಲದೆ ಸೀಮೆಸುಣ್ಣದಂತೆ ಒಣಗುವ, ನೀರು ಬೆರೆಸಿದ ಪೇಂಟ್) ಹೊಡೆದೆ. ಒಣಗಿದ ಮೇಲೆ ಅಲ್ಲಲ್ಲಿ ಗುಲಾಬಿ, ಕಂದು ಕಲೆ. ಇನ್ನೊಂದು ಕೋಟ್ ಹೊಡೆದರೂ ಕಲೆ ಮತ್ತೆ ಮೇಲೆ ಬಂತು. ಉಜ್ಜಿ ಹೊಡೆದರೂ ಅಷ್ಟೇ. ಮಾಮೂಲಿ ವಾಟರ್ ಪ್ರೈಮರ್ ಕೂಡ ತಡೆಯಲಿಲ್ಲ, ಯಾಕೆಂದರೆ ಮರದೊಳಗಿನ ಬಣ್ಣ ನೀರಿಗೆ ಕರಗಿ ಪೇಂಟ್ ಜೊತೆಗೇ ಮೇಲಕ್ಕೆ ಏರುತ್ತದೆ.

ತಡೆದದ್ದು ಶೆಲಾಕ್, ಅಂದರೆ ನೀರಿನ ಬದಲು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಡೀವ್ಯಾಕ್ಸ್ಡ್ (ಮೇಣ ತೆಗೆದದ್ದು) ಅಂತ ಕೇಳಿಯೇ ತನ್ನಿ, ಮೇಣ ಉಳಿದಿದ್ದರೆ ಅದರ ಮೇಲೆ ಪೇಂಟ್ ಸರಿಯಾಗಿ ಹಿಡಿಯುವುದಿಲ್ಲ. ಮೊದಲು 220 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಧೂಳು ಪೂರ್ತಿ ಒರೆಸಿ. ಆಮೇಲೆ ಶೆಲಾಕ್ ಒಂದು ತೆಳು ಕೋಟ್, 1 ಗಂಟೆ ಬಿಟ್ಟು ಇನ್ನೊಂದು. ಗಂಟು ಇರುವಲ್ಲಿ, ಹಲಗೆಯ ಕೊಯ್ದ ತುದಿಯಲ್ಲಿ ಮೂರನೆಯದೂ ಬೇಕು, ಕಲೆ ಅಲ್ಲೇ ಜಾಸ್ತಿ. ರಾತ್ರಿಯಿಡೀ ಒಣಗಲು ಬಿಟ್ಟು, ಮಾರನೇ ದಿನ ಚಾಕ್ ಪೇಂಟ್ 2 ಕೋಟ್.

ಫಿನಿಶ್‌ಗೆ ವ್ಯಾಕ್ಸ್ ನೋಡಲು ಚೆಂದ, ಆದರೆ ಬಿಸಿ ಕಾಫಿ ಲೋಟ ಇಡುವ ಟೀಪಾಯಿಗೆ ಬೇಡ, ಗುರುತು ಬೀಳುತ್ತದೆ. ಆಯಿಲ್ ವಾರ್ನಿಶ್ ಬಿಳಿಯನ್ನು ಹಳದಿ ಮಾಡುತ್ತದೆ. ವಾಟರ್ ಬೇಸ್ಡ್ ಮ್ಯಾಟ್ ಪಿಯು (ಪಾಲಿಯುರೆಥೇನ್, ಹೊಳಪಿಲ್ಲದ ಪಾರದರ್ಶಕ ಲೇಪ) 2 ತೆಳು ಕೋಟ್ ಸಾಕು. ಬಿಳಿಯೇ ಬೇಕೆಂದಿಲ್ಲ ಅಂದರೆ ಕಡು ನೀಲಿ ಆರಿಸಿ, ಅದರಲ್ಲಿ ಈ ಕಲೆ ಅಷ್ಟಾಗಿ ಕಾಣುವುದಿಲ್ಲ.