ಹತ್ತಿ ಬಿಡಿಸುವ ತಿಂಗಳಲ್ಲಿ ಗಣಿತದ ಪಾಠ

ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆ. ಇಲ್ಲಿನ ಮಕ್ಕಳಿಗೆ ಓದುವ ಮನಸ್ಸಿಲ್ಲ ಎಂದು ಎಷ್ಟೋ ಜನ ಸುಮ್ನೆ ಹೇಳಿಬಿಡುತ್ತಾರೆ. ನಾನದನ್ನು ಒಪ್ಪುವುದಿಲ್ಲ.

ಹಾಜರಿ ಪುಸ್ತಕವನ್ನೂ ಅಂಕಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಫೇಲಾದವರಲ್ಲಿ ಜಾಸ್ತಿ ಮಂದಿ ದಸರಾ ರಜೆ ಮುಗಿದ ಮೇಲೆ ವಾರಗಟ್ಟಲೆ ಶಾಲೆಗೆ ಬಂದಿರಲಿಲ್ಲ. ಅದು ಹತ್ತಿ ಒಡೆಯುವ ಕಾಲ. ಬಿಡಿಸುವ ಕೂಲಿ ಕೆ.ಜಿ. ಲೆಕ್ಕದಲ್ಲಿ. ಮನೆಮಂದಿಯೆಲ್ಲ ಹೊಲದಲ್ಲಿದ್ದಷ್ಟೂ ದುಡ್ಡು. ಗಣಿತ ಪುಸ್ತಕದ ಎರಡನೇ ಭಾಗ ನಡೆಯುವುದೂ ಆಗಲೇ ಅಲ್ವಾ? ವರ್ಗ ಸಮೀಕರಣ, ತ್ರಿಕೋನಮಿತಿ ಎಲ್ಲ ಆ ಹುಡುಗರ ಕೈತಪ್ಪಿ ಹೋಗುತ್ತಿದ್ದವು.

ಈಗ ಸಂಖ್ಯಾಶಾಸ್ತ್ರವನ್ನು ದಸರಾಕ್ಕೆ ಮುಂಚೆಯೇ ಮುಗಿಸುತ್ತೇನೆ. ಸರಾಸರಿ, ಮಧ್ಯಾಂಕ ಕಲಿಯಲು ಹಿಂದಿನ ಪಾಠಗಳ ಹಂಗು ಅಷ್ಟಾಗಿ ಇಲ್ಲ. ಸೋಲುವ ಭಯದಲ್ಲಿರುವ ಹುಡುಗನಿಗೆ ಅಲ್ಲಿ ಧೈರ್ಯ ಬರುತ್ತದೆ.

ಮನೆಗಳಿಗೂ ಹೋಗುತ್ತೇನೆ. ಒಬ್ಬ ತಾಯಿ ನೇರವಾಗಿಯೇ ಹೇಳಿದರು, “ಸರ, ಈ ಎರಡು ತಿಂಗಳು ದುಡಿದ್ರನೇ ಸಾಲ ತೀರತದ್ರಿ.” ಅವರ ಮುಂದೆ ಓದಿನ ಮಹತ್ವದ ಭಾಷಣ ಮಾಡಲು ನನಗೆ ಬಾಯಿ ಬರಲಿಲ್ಲ. ಶಾಲೆ ಪೂರ್ತಿ ಬಿಡಿಸಬೇಡಿ, ವಾರದಲ್ಲಿ ಮೂರು ದಿನವಾದರೂ ಕಳಿಸಿ ಎಂದು ಕೇಳಿಕೊಂಡೆ. ಮಗಳನ್ನು ಕಳಿಸಿದರು. ಅವಳು ಬಾರದ ದಿನದ ಲೆಕ್ಕಗಳನ್ನು ಪಕ್ಕದ ಮನೆಯ ಹುಡುಗಿ ಸಂಜೆ ತೋರಿಸಿಕೊಡುತ್ತಿದ್ದಳು.

ಇನ್ನೊಂದು ತೊಂದರೆ ಹಳೆಯದು. ವರ್ಗ ಸಮೀಕರಣದ ಸೂತ್ರ ಬಾಯಿಪಾಠ ಬರುತ್ತದೆ, ಮೈನಸ್ ಮೂರರಿಂದ ಐದು ಕಳೆ ಎಂದರೆ ಪೆನ್ನು ನಿಲ್ಲುತ್ತದೆ. ಅದಕ್ಕೇ ಎಂಟನೇ ತರಗತಿಗೆ ಬಂದವರಿಗೆ ಜೂನ್ ಪೂರ್ತಿ ಋಣ ಸಂಖ್ಯೆ, ಭಿನ್ನರಾಶಿ, ಮಗ್ಗಿ. ಸಿಲಬಸ್ ಹಿಂದೆ ಬೀಳುತ್ತದೆ ಎಂದು ಸಹೋದ್ಯೋಗಿಗಳು ಎಚ್ಚರಿಸುತ್ತಾರೆ. ಬೀಳುವುದು ನಿಜ. ಆದರೆ ಬುನಾದಿ ಇದ್ದ ಮಕ್ಕಳು ಆಮೇಲೆ ಬೇಗ ಓಡುತ್ತಾರೆ.

ವಿಶೇಷ ತರಗತಿಯನ್ನು ಸಂಜೆ ಇಡುವುದಿಲ್ಲ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ. ಸಂಜೆಯಾದರೆ ಪಕ್ಕದ ಹಳ್ಳಿಯ ಹುಡುಗಿಯರಿಗೆ ಬಸ್ಸು ತಪ್ಪುತ್ತದೆ.

ಇಡೀ ಕುಟುಂಬವೇ ಬೆಂಗಳೂರಿಗೆ ಗುಳೆ ಹೊರಟರೆ ಇದ್ಯಾವುದೂ ಸಾಲದು. ಅಂಥ ಮನೆಗಳು ಯಾವುವೆಂದು ಊರಲ್ಲಿ ಮೊದಲೇ ಗೊತ್ತಿರುತ್ತದೆ. ಆ ಮಕ್ಕಳಿಗೆ ವರ್ಷದ ಆರಂಭದಲ್ಲೇ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿಗೆ ಅರ್ಜಿ ಹಾಕಿಸುತ್ತೇನೆ. ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಲು ಸಮಯ ಹಿಡಿಯುತ್ತದೆ, ಹಾಗಾಗಿ ಬೇಸಿಗೆ ರಜೆಯಲ್ಲೇ ಶುರು ಮಾಡುವುದು ಒಳ್ಳೆಯದು.