ಹೇನ್ಸ್ ಜಂಕ್ಷನ್: ಪೆಟ್ರೋಲ್ ಹಾಕಿಸಿ ಹೊರಟುಬಿಡುವ ಊರಲ್ಲ

ಕೆನಡಾದ ಯೂಕಾನ್‌ನಲ್ಲಿ ಹೇನ್ಸ್ ಜಂಕ್ಷನ್ ಎಂಬ ಊರಿದೆ. ಅಲಾಸ್ಕ ಹೈವೇಯಲ್ಲಿ ಹೋಗುವವರಲ್ಲಿ ಹೆಚ್ಚಿನವರು ಇಲ್ಲಿ ಪೆಟ್ರೋಲ್ ಹಾಕಿಸಿ, ಒಂದು ಕಾಫಿ ಕುಡಿದು ಮುಂದೆ ಹೊರಡುತ್ತಾರೆ. ನಾವು ಅಲ್ಲೇ ಬಿಡಾರ ಹೂಡಿದೆವು. ಸಾಗರದಿಂದ ಬಂದಿದ್ದ ಅಪ್ಪ, ಅಮ್ಮ ಜೊತೆಗಿದ್ದರು. ದಿನಕ್ಕೊಂದು ಊರು ಬದಲಿಸುತ್ತ ಓಡಾಡುವುದು ಅವರಿಗೂ ಬೇಡ, ನನಗೂ ಬೇಡ.

ವ್ಯಾಂಕೂವರ್‌ನಿಂದ ವೈಟ್‌ಹಾರ್ಸ್‌ಗೆ ವಿಮಾನ, ಅಲ್ಲಿಂದ ಪಶ್ಚಿಮಕ್ಕೆ ಬಾಡಿಗೆ ಕಾರಿನಲ್ಲಿ ನೂರೈವತ್ತು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ದಾರಿ ಚೆನ್ನಾಗಿದೆ, ಟ್ರಾಫಿಕ್ ಇಲ್ಲ. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಕಾರು ತೆಗೆದುಕೊಳ್ಳುವಾಗ ಗಾಜಿಗೆ ಕಲ್ಲು ಸಿಡಿದರೆ ಖರ್ಚು ಯಾರದ್ದು ಎಂದು ಮೊದಲೇ ಕೇಳಿ. ದುರಸ್ತಿ ನಡೆಯುವ ಕಡೆ ಜಲ್ಲಿ ಹಾಸಿರುತ್ತಾರೆ.

ಊರು ಹುಟ್ಟಿದ್ದೇ ರಸ್ತೆಗಾಗಿ. 1942ರಲ್ಲಿ ಅಮೆರಿಕದ ಸೇನೆ ಅಲಾಸ್ಕ ಹೈವೇ ಕಡಿಯಿತು. ಅಲಾಸ್ಕದ ಹೇನ್ಸ್ ಬಂದರಿನಿಂದ ಬಂದ ರಸ್ತೆ ಅದಕ್ಕೆ ಸೇರಿದ ಜಾಗವೇ ಇದು. ಜನಸಂಖ್ಯೆ ಸಾವಿರವೂ ಇಲ್ಲ. ಕಾರಿನಿಂದ ಇಳಿದ ಅಪ್ಪ ಸುತ್ತ ನೋಡಿ, "ನಮ್ಮ ತಾಳಗುಪ್ಪದಷ್ಟೂ ಇಲ್ವಲ್ಲೋ!" ಅಂದರು. ಸೇನೆ ಬಿಟ್ಟುಹೋದ ಅರ್ಧ ಕೊಳವೆಯಾಕಾರದ ತಗಡಿನ ಶೆಡ್ಡನ್ನೇ 1954ರಲ್ಲಿ ಚರ್ಚ್ ಮಾಡಿಕೊಂಡಿದ್ದಾರೆ. ಕೂಡುರಸ್ತೆಯ ಬಳಿ ಬೆಟ್ಟ, ಪ್ರಾಣಿಗಳನ್ನೆಲ್ಲ ಒತ್ತೊತ್ತಾಗಿ ಮೆತ್ತಿದ ದೊಡ್ಡದೊಂದು ಶಿಲ್ಪವಿದೆ. ಊರವರೇ ಅದನ್ನು ಮಫಿನ್ ಎಂದು ಕರೆದು ನಗುತ್ತಾರೆ. ಅಲ್ಲಿ ಒಂದು ವಿಚಿತ್ರ: ಅಲಾಸ್ಕ ಹೈವೇಯಲ್ಲೇ ಮುಂದುವರಿಯಬೇಕಾದರೆ ಬಲಕ್ಕೆ ತಿರುಗಬೇಕು. ನೇರ ಹೋದರೆ ಹೇನ್ಸ್ ರಸ್ತೆ.

ಮೊದಲು ಹೋಗಬೇಕಾದ್ದು ಡಾ ಕೂ ಸಾಂಸ್ಕೃತಿಕ ಕೇಂದ್ರಕ್ಕೆ. ಇದು ಷಾಂಪೇನ್ ಮತ್ತು ಏಷಿಹಿಕ್ ಮೂಲನಿವಾಸಿಗಳ ನೆಲ, ಆ ಕೇಂದ್ರವೂ ಅವರದೇ. ಪಕ್ಕದ ಕ್ಲುವಾನಿ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿಯೂ ಅಲ್ಲೇ ಕೂರುತ್ತಾರೆ. ಯಾವ ಹಾದಿ ತೆರೆದಿದೆ, ಎಲ್ಲಿ ಕರಡಿ ಓಡಾಡುತ್ತಿದೆ ಎಂಬುದು ಅಲ್ಲಿ ಸಿಗುವಷ್ಟು ಸರಿಯಾಗಿ ಫೋನಿನಲ್ಲಿ ಸಿಗುವುದಿಲ್ಲ. ಊರು ದಾಟಿದರೆ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ ಅನ್ನಿ.

ಇನ್ನು ಕ್ಲುವಾನಿ ಉದ್ಯಾನ. ಸುಮಾರು 22,000 ಚದರ ಕಿಲೋಮೀಟರ್. ಅದರ ಶೇ. 80ಕ್ಕೂ ಹೆಚ್ಚು ಭಾಗ ಬಂಡೆ ಮತ್ತು ಹಿಮ. ಕೆನಡಾದ ಅತಿ ಎತ್ತರದ ಮೌಂಟ್ ಲೋಗನ್, 5,959 ಮೀಟರ್, ಇದರೊಳಗೇ ಇದೆ. ಆದರೆ ಊರಿನಲ್ಲಿ ನಿಂತು ಎಷ್ಟು ಕತ್ತು ಚಾಚಿದರೂ ಅದು ಕಾಣುವುದಿಲ್ಲ. ಹೈವೇ ಪಕ್ಕದ ಬೆಟ್ಟಸಾಲು ಹಿಂದಿನದನ್ನೆಲ್ಲ ಮರೆಮಾಡಿದೆ. ಅದರಾಚೆಗೆ ಇರುವುದು ಧ್ರುವ ಪ್ರದೇಶಗಳನ್ನು ಬಿಟ್ಟರೆ ಜಗತ್ತಿನಲ್ಲೇ ದೊಡ್ಡದಾದ ಹಿಮರಾಶಿ. ಅದನ್ನು ನೋಡಲು ಸಣ್ಣ ವಿಮಾನವೇ ಗತಿ. ದುಡ್ಡು ಜಾಸ್ತಿಯೇ, ಆದರೆ ಅಷ್ಟು ದೂರ ಬಂದು ಅದೊಂದನ್ನು ಉಳಿಸಿದರೆ ಏನು ಬಂತು? ಮೋಡ ಕವಿದರೆ ವಿಮಾನ ಹಾರಿಸುವುದಿಲ್ಲ, ಮರುದಿನಕ್ಕೆ ಹೋಗುತ್ತದೆ. ಊರಲ್ಲೇ ತಂಗಬೇಕು ಎನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ. ನಮಗೂ ಮುಂದಕ್ಕೆ ಹೋಯಿತು, ಆಮೇಲೆ ಸಿಕ್ಕಿತು. ಬೆಟ್ಟಸಾಲು ದಾಟಿದ ಮೇಲೆ ಕೆಳಗೆ ಕಾಸ್ಕವಲ್ಷ್ ಹಿಮನದಿ; ಎರಡು ಕವಲು ಕೂಡಿದಲ್ಲಿಂದ ಅದರ ನಡುವೆ ಉದ್ದಕ್ಕೂ ಕಪ್ಪು ಕಲ್ಲುಮಣ್ಣಿನ ಪಟ್ಟೆ. ಲೋಗನ್ ತುದಿ ಮೋಡದಲ್ಲಿತ್ತು, ಬುಡ ಮಾತ್ರ ಕಂಡಿತು. ಕಿಟಕಿಗೆ ಹಣೆ ಒತ್ತಿಕೊಂಡಿದ್ದ ಅಮ್ಮ ಇಳಿಯುವವರೆಗೂ ಮಾತಾಡಲಿಲ್ಲ.

ವಿಮಾನ ಇಲ್ಲದ ದಿನ ಹೇನ್ಸ್ ರಸ್ತೆಯಲ್ಲಿ 27 ಕಿಲೋಮೀಟರ್ ದೂರದ ಕ್ಯಾಥ್ಲೀನ್ ಸರೋವರ. ಕಾಲು ಗಟ್ಟಿಯಿದ್ದವರಿಗೆ ಅಲ್ಲಿಂದ ಕಿಂಗ್ಸ್ ಥ್ರೋನ್ ಏರುಹಾದಿ ಇದೆ. ಅಪ್ಪ, ಅಮ್ಮನಿಗೆ ಇನ್ನೂ ದಕ್ಷಿಣದ ರಾಕ್ ಗ್ಲೇಸಿಯರ್ ಹಾದಿ ಸಾಕಾಯಿತು. ಶುರುವಿನಲ್ಲಿ ಹಲಗೆ ಹಾಸಿದ ದಾರಿ, ಕೊನೆಗೆ ಕಲ್ಲುರಾಶಿ. ಸರೋವರದ ದಡದಲ್ಲಿ ಗಾಳಿ ವಿಪರೀತ. ಚಿತ್ರಾನ್ನದ ತಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೇ ತಿನ್ನಬೇಕಾಯಿತು.

ಊಟದ ವಿಷಯ: ಸಸ್ಯಾಹಾರಿಗಳು ಅಕ್ಕಿ, ಬೇಳೆ, ತರಕಾರಿ ವೈಟ್‌ಹಾರ್ಸ್‌ನಲ್ಲೇ ಕೊಂಡು, ಅಡುಗೆಗೆ ಒಲೆಯಿರುವ ರೂಮು ಹಿಡಿಯಿರಿ. ಗ್ರಿಜ್ಲಿ ಕರಡಿಗಳ ನಾಡಾದ್ದರಿಂದ ವಾಸನೆ ಬರುವ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ಸೋಪು, ಪೇಸ್ಟು ಸಹ ಆ ಲೆಕ್ಕಕ್ಕೇ. ಅಮ್ಮನ ಇಂಗಿನ ಡಬ್ಬಿಯನ್ನು ನಾನು ಪ್ರತಿಸಲ ಪಿಕ್‌ನಿಕ್ ಮೇಜಿನಿಂದ ಎತ್ತಿ ಕಾರಿನೊಳಗಿಟ್ಟು ಬಾಗಿಲು ಹಾಕುತ್ತಿದ್ದೆ. ಜುಲೈ ಕೊನೆಯಲ್ಲಿ ಸೋಪ್‌ಬೆರಿ ಹಣ್ಣಾಗುವ ಹೊತ್ತಿಗೆ ಕರಡಿಗಳು ಹಾದಿಯಂಚಿಗೇ ಬರುತ್ತವೆ. ಸೊಂಟದಲ್ಲಿ ಕರಡಿ ಸ್ಪ್ರೇ ಇರಲಿ, ಜೋರಾಗಿ ಮಾತಾಡುತ್ತ ನಡೆಯಿರಿ. ಎರಡನೆಯದು ನಮ್ಮ ಮನೆಯವರಿಗೆ ಕಷ್ಟವೇನಲ್ಲ.

ಬೇಸಿಗೆಯಲ್ಲಿ ಕತ್ತಲಾಗುವುದು ರಾತ್ರಿ ಹನ್ನೊಂದರ ಮೇಲೆ. "ದೀಪ ಯಾವಾಗ ಹಚ್ಚೋದೋ?" ಎಂದು ಅಮ್ಮ ಕೇಳಿದರು. ಕೊನೆಗೆ ಗಡಿಯಾರ ನೋಡಿ ಏಳಕ್ಕೆ, ಎದುರಿಗೆ ಸುಡುಬಿಸಿಲಿದ್ದಾಗಲೇ, ಬ್ಯಾಟರಿ ದೀಪ ಹೊತ್ತಿಸಿದರು.

ಬಲಕ್ಕೆ ತಿರುಗುವ ರಸ್ತೆಯಲ್ಲಿ ಕ್ಲುವಾನಿ ಸರೋವರದವರೆಗಾದರೂ ಹೋಗಿ. ಅಲ್ಲಿ ಹಿಂದೆ ಸ್ಲಿಮ್ಸ್ ನದಿ ಆ ಕಾಸ್ಕವಲ್ಷ್ ಹಿಮನದಿಯ ನೀರು ತಂದು ಸರೋವರ ತುಂಬಿಸುತ್ತಿತ್ತು. 2016ರಲ್ಲಿ ಹಿಮನದಿ ಹಿಂದೆ ಸರಿದು, ನೀರು ಇನ್ನೊಂದು ಕಡೆಯ ಕಾಸ್ಕವಲ್ಷ್ ನದಿಗೆ ತಿರುಗಿಕೊಂಡಿತು. ಬೇರಿಂಗ್ ಸಮುದ್ರ ಸೇರುತ್ತಿದ್ದ ನೀರು ಈಗ ಅಲಾಸ್ಕ ಕೊಲ್ಲಿ ಸೇರುತ್ತಿದೆ. ಸರೋವರದ ಮಟ್ಟ ಇಳಿಯಿತು, ನದಿಪಾತ್ರದಲ್ಲಿ ಧೂಳು ಉಳಿಯಿತು. ಬಂಡೆ ಅರೆದ ಆ ನುಣ್ಣನೆಯ ಪುಡಿ ಗಾಳಿಗೆದ್ದು ಕಾರಿನ ಗಾಜಿಗೆ ಬೂದು ಪದರ ಕಟ್ಟಿತು. ಬಾಯಿ ಮುಚ್ಚಿಕೊಂಡಿದ್ದರೂ ಹಲ್ಲಿಗೆ ಕರಕರ. ಪಕ್ಕದ ಟಚಾಲ್ ಧಾಲ್ ಬೆಟ್ಟದಲ್ಲಿ ಬಿಳಿ ಡಾಲ್ ಕುರಿಗಳಿರುತ್ತವೆ, ಆದರೆ ಬೇಸಿಗೆಯಲ್ಲಿ ತೀರ ಮೇಲೆ. ದುರ್ಬೀನು ಬೇಕು.

ಹೇನ್ಸ್ ಬಂದರಿನವರೆಗೂ ಹೋಗುವ ಆಸೆಯಿದ್ದರೆ ಒಂದು ಮಾತು. ಆ ರಸ್ತೆ ಬ್ರಿಟಿಷ್ ಕೊಲಂಬಿಯಾ ಹಾದು ಅಮೆರಿಕ ಸೇರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ, ಅಮ್ಮನಿಗೆ ಅಮೆರಿಕದ ವೀಸಾ ಬೇಕು. ನಮ್ಮ ಹತ್ತಿರ ಅಮೆರಿಕದ್ದು ಇರಲಿಲ್ಲ. ಚಿಲ್ಕಾಟ್ ಪಾಸ್‌ವರೆಗೆ ಹೋಗಿ, ಗಡಿಗೆ ಮೊದಲೇ ಕಾರು ತಿರುಗಿಸಿದೆವು. ಮರಗಳೇ ಇಲ್ಲದ ಆ ಬಯಲು ನೋಡಲು ಅಷ್ಟು ದೂರ ಹೋಗಬಹುದು, ಟ್ಯಾಂಕ್ ಮಾತ್ರ ಜಂಕ್ಷನ್‌ನಲ್ಲೇ ತುಂಬಿಸಿಕೊಂಡಿರಿ.