ಕೆರೆಯಲ್ಲಿ ಏನಿದೆ ಅಂತ ಗೊತ್ತು ಮಾಡಿಕೊಂಡು ಗಾಳ ಹಾಕಿ

ನನ್ನದು ಪಂಕ್ಚರ್ ಅಂಗಡಿ, ಗುಬ್ಬಿ ತಾಲ್ಲೂಕಿನ ಒಂದು ಊರಲ್ಲಿ. ಅಂಗಡಿಯಿಂದ ಕೆರೆ ಏರಿಗೆ ಸೈಕಲ್ಲಿನಲ್ಲಿ ಐದು ನಿಮಿಷ. ಮಂಗಳವಾರ ಅಂಗಡಿ ರಜ. ಅವತ್ತು ಬೆಳಿಗ್ಗೆ ಆರೂವರೆಗೆಲ್ಲ ನಾನು ತೂಬಿನ ಹತ್ತಿರ ಇರುತ್ತೇನೆ. ಉದ್ರಿ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಹನ್ನೊಂದು ವರ್ಷದ ಮೀನಿನ ಲೆಕ್ಕ ಇದೆ. ಮುಂದಿನಿಂದ ತಿರುವಿದರೆ ಯಾರು ಎಷ್ಟು ಬಾಕಿ, ಹಿಂದಿನಿಂದ ತಿರುವಿದರೆ ಕೆರೆ ಎಷ್ಟು ಕೊಟ್ಟಿತು. ಕೆರೆಯೇ ವಾಸಿ, ಬಾಕಿ ಉಳಿಸಿಕೊಂಡದ್ದು ಕಡಿಮೆ.

ಭಾನುವಾರ ತುಮಕೂರು, ಬೆಂಗಳೂರು ಕಡೆಯಿಂದ ಹುಡುಗರು ಬರುತ್ತಾರೆ. ಒಳ್ಳೊಳ್ಳೆ ರಾಡು, ರೀಲು. ಏರಿ ಮೇಲಿನ ಆಲದ ಮರದ ನೆರಳಲ್ಲಿ ಕೂರುತ್ತಾರೆ. ಮಧ್ಯಾಹ್ನ ಹೋಗುವಾಗ ಗಾಳಿ ಹೊಡೆಸಿಕೊಳ್ಳೋಕೆ ಅಂಗಡಿಗೆ ಬಂದು, 'ನಿಮ್ಮ ಕೆರೆಯಲ್ಲಿ ಮೀನೇ ಇಲ್ಲ ಅಣ್ಣ' ಅನ್ನುತ್ತಾರೆ. ಮೀನು ಇದೆ. ಅವರು ಇಲ್ಲದ ಮೀನಿಗೆ, ಅದು ಇರದ ಜಾಗದಲ್ಲಿ, ಅದು ತಿನ್ನದ ಹೊತ್ತಲ್ಲಿ ಗಾಳ ಹಾಕಿರುತ್ತಾರೆ ಅಷ್ಟೇ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಗೆಂಡೆ ಜಾತಿಯ ಮೀನುಗಳು, ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಅನ್ನುವ ವಿಜ್ಞಾನಿ ಒಡಿಶಾದ ಅಂಗುಲ್‌ನಲ್ಲಿ ಮೀನಿನ ಮೆದುಳಿನ ಕೆಳಗಿನ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸಿದರು. ಆಮೇಲೆ ಮೀನುಮರಿ ಸಾಕುವುದು ಒಂದು ಕಸುಬೇ ಆಯಿತು. ಹಾಗಾಗಿ ನಮ್ಮ ಕೆರೆಯಲ್ಲಿರುವ ಒಂದೊಂದು ಕಾಟ್ಲಾವನ್ನೂ ಯಾರೋ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತಂದು ಬಿಟ್ಟಿರಬೇಕು, ಇಲ್ಲವೇ ನಾಲೆ ನೀರಲ್ಲಿ ಬಂದಿರಬೇಕು. ಬಿಟ್ಟಿಲ್ಲ ಅಂದರೆ ಇಲ್ಲ. ನೀವು ಎಷ್ಟು ದುಬಾರಿ ರೀಲು ತಂದರೂ ಇಲ್ಲ.

ಆದ್ದರಿಂದ ಗಾಳ ಬಿಚ್ಚುವ ಮೊದಲು ಟೀ ಅಂಗಡಿಗೆ ಹೋಗಿ. ಕೆರೆ ಕೊನೆಯ ಸಲ ಯಾವಾಗ ಪೂರ್ತಿ ಒಣಗಿತ್ತು? ಆಮೇಲೆ ಕೋಡಿ ಬಿತ್ತಾ? ಮರಿ ಬಿಟ್ಟಿದ್ದು ಯಾವ ತಿಂಗಳು? ಬಲೆ ಎಳೆದಿದ್ದು ಯಾವಾಗ? ಇಷ್ಟು ಕೇಳಿದರೆ ಅರ್ಧ ಲೆಕ್ಕ ಸಿಕ್ಕಿತು. ಮೇವು ಚೆನ್ನಾಗಿದ್ದರೆ ಕಾಟ್ಲಾ ಒಂದು ವರ್ಷಕ್ಕೆ ಸುಮಾರು ಒಂದು ಕೆಜಿ ಆಗುತ್ತದೆ. ಮೂರು ತಿಂಗಳ ಹಿಂದೆ ಮರಿ ಬಿಟ್ಟ ಕೆರೆಯಲ್ಲಿ ದೊಡ್ಡ ಕಾಟ್ಲಾ ಹುಡುಕುವುದು ಅಂದರೆ ನಾಟಿ ಹಾಕಿದ ವಾರಕ್ಕೆ ಕುಡುಗೋಲು ಮಸೆದ ಹಾಗೆ.

ನಮ್ಮ ಕೆರೆ ಕಥೆ ಹೇಳುತ್ತೇನೆ. 2022ರ ಮಳೆಗೆ ಕೋಡಿ ಬಿತ್ತು. 2023ರ ಬರ ಬಂತು, ಮುಂದಿನ ಏಪ್ರಿಲ್ ಹೊತ್ತಿಗೆ ತೂಬಿನ ಮುಂದೆ ಎಮ್ಮೆ ಹೊರಳಾಡುವಷ್ಟು ನೀರು ಉಳಿದಿತ್ತು. ಗೆಂಡೆ ಜಾತಿಯೆಲ್ಲ ಬಲೆಗೆ ಹೋಯಿತು, ಉಳಿದದ್ದು ಕೊಕ್ಕರೆಗೆ. ಆದರೂ ಮೀನು ಪೂರ್ತಿ ಖಾಲಿ ಆಗಲಿಲ್ಲ. ಕೊರವ ಮೀನು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ, ಒದ್ದೆ ಕೆಸರಲ್ಲಿ ಅಡಗಿ ದಿನ ದೂಡುತ್ತದೆ. ಮುರುಗೋಡು, ಚೇಳು ಮೀನು ಕೂಡ ಹಾಗೇ. ಜಿಲೇಬಿ ಮೀನಿಗೆ (ತಿಲಾಪಿಯಾ) ಒಂದು ಗುಂಡಿ ನೀರು ಸಾಕು. ಮಳೆ ಬಂದು ಕೆರೆ ತುಂಬಿದ ಮೇಲೆ ಮೊದಲ ವರ್ಷ ನನ್ನ ಪುಸ್ತಕದಲ್ಲಿ ಬರೀ ಜಿಲೇಬಿ, ನಡುನಡುವೆ ಒಂದೊಂದು ಕೊರವ. ಹೇಮಾವತಿ ನಾಲೆಯಿಂದ ನೀರು ಬರುವ ಕೆರೆಗಳ ಕಥೆ ಬೇರೆ. ಗೊರೂರು ಅಣೆಕಟ್ಟೆ ಕಡೆಯ ನೀರಿನ ಜೊತೆ ಯಾವ ಯಾವ ಮೀನೋ ಬಂದು ಸೇರುತ್ತದೆ, ಪಂಚಾಯಿತಿಯ ಯಾವ ಕಾಗದದಲ್ಲೂ ಅದರ ಲೆಕ್ಕ ಇರುವುದಿಲ್ಲ.

ಇನ್ನು ನೀರು ನೋಡಿ. ಇದಕ್ಕೆ ಯಂತ್ರ ಬೇಡ. ಬೆಳಕು ಚೆನ್ನಾಗಿ ಬಂದ ಮೇಲೆ ಕೈಯನ್ನು ಮೊಣಕೈವರೆಗೆ ಮುಳುಗಿಸಿ. ಅಂಗೈ ಮಸುಕು ಮಸುಕಾಗಿ ಕಂಡು, ನೀರು ತೆಳು ಹಸಿರು ಇದ್ದರೆ ಮೀನಿಗೆ ಮೇವಿದೆ. ಅಂಗೈ ಗೆರೆಗಳೂ ಕಾಣುತ್ತವೆ ಅಂದರೆ ನೀರು ಬಡ, ಮೀನು ಸಣಕಲು. ಮಣಿಕಟ್ಟೇ ಕಾಣದಷ್ಟು ಗಾಢ ಹಸಿರಾಗಿದ್ದರೆ ಪಾಚಿ ಮಿತಿ ಮೀರಿದೆ. ಅಂಥ ಕೆರೆಯಲ್ಲಿ ರಾತ್ರಿಯೆಲ್ಲ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ, ನಸುಕಿಗೆ ನೀರಲ್ಲಿ ಉಸಿರೇ ಇರುವುದಿಲ್ಲ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. ನೋಡಿದವರಿಗೆ 'ಅಬ್ಬಾ, ಎಷ್ಟು ಮೀನು!' ಅನಿಸುತ್ತದೆ. ಅದು ಹಸಿವಲ್ಲ, ಉಬ್ಬಸ. ಎಂಥ ಹುಳು ತೋರಿಸಿದರೂ ಮೂಸುವುದಿಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿದೆಯಲ್ಲಾ? ಕೊಳಚೆ ಸೇರಿದ ನೀರು, ಮೇಲೆ ಬಿಸಿಲು, ಒಳಗೆ ಉಸಿರಿಲ್ಲ. ನಮ್ಮಲ್ಲಿ ಅಷ್ಟು ಕೊಳಚೆ ಇಲ್ಲ, ಆದರೆ ಮೋಡ ಕವಿದು ಗಾಳಿ ಆಡದ ದಿನ ನಾನು ಒಂಬತ್ತರವರೆಗೆ ಗಾಳ ಬಿಚ್ಚುವುದಿಲ್ಲ.

ನೀರುಕಾಗೆ ಎಲ್ಲಿ ಮುಳುಗುತ್ತಿದೆ ನೋಡಿಕೊಳ್ಳಿ. ಸಾಲಾಗಿ ಮುಳುಗಿ ಏಳುತ್ತಿದ್ದರೆ ಅಲ್ಲಿ ಸಣ್ಣ ಮೀನಿನ ಹಿಂಡಿದೆ. ಒಂಟಿ ಬೆಳ್ಳಕ್ಕಿಯನ್ನು ನಂಬಬೇಡಿ, ಅದು ಕಪ್ಪೆಗೂ ನಿಲ್ಲುತ್ತದೆ.

ಈಗ ಜಾಗ. ಸಣ್ಣ ಕೆರೆ ಅಂದರೆ ಒಂದೇ ತಟ್ಟೆ ನೀರಲ್ಲ. ಏರಿ ಪಕ್ಕ, ತೂಬಿನ ಮುಂದೆ ಆಳ. ಬಿಸಿಲೇರಿದ ಮೇಲೆ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್), ಮೃಗಾಲ್ ಅಲ್ಲಿ ತಳ ಹಿಡಿಯುತ್ತವೆ. ಹಳ್ಳ ಬಂದು ಸೇರುವ ಕಡೆ ನೀರು ಮೊಣಕಾಲುದ್ದ, ಜೊಂಡು ಜಾಸ್ತಿ. ಅದು ಕೊರವನ ಮನೆ. ಸಾಮಾನ್ಯ ಗೆಂಡೆ ಮೊಟ್ಟೆ ಇಡುವುದೂ ಅಲ್ಲಿಯೇ, ಅದರ ಮೊಟ್ಟೆ ಜೊಂಡಿಗೆ ಅಂಟಿಕೊಳ್ಳುತ್ತದೆ. ಮೂಲತಃ ಪರದೇಶದ ಮೀನಾದರೂ ಅದಕ್ಕೆ ಹೊಳೆ ಬೇಕಿಲ್ಲ, ಕೆರೆಯಲ್ಲೇ ಸಂಸಾರ ಮಾಡುತ್ತದೆ. ಕಾಟ್ಲಾ ಮೇಲ್ಭಾಗದ ನೀರಿನದು, ಬಾಯಿ ಮೇಲ್ಮುಖ. ರೋಹು ನಡುನೀರಿನದು. ಕೋಡಿ ಕಲ್ಲುಗಳ ಸಂದಿಯಲ್ಲಿ ಜಿಲೇಬಿ. ಆಲದ ಮರದ ಕೆಳಗೆ ನೆರಳು ಬಿಟ್ಟರೆ ಬೇರೇನಿಲ್ಲ.

ಜಿಲೇಬಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಿಮಗೆ ಸಿಗುವುದೇ ಅದು. ತಿಲಾಪಿಯಾ ಅನ್ನುವುದು ಇದಕ್ಕೇ. ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದರು. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಹಾಗಾಗಿ ಮರಿ ಸಾಯುವುದು ಕಡಿಮೆ. ಎರಡು ಮೂರು ತಿಂಗಳಿಗೇ ಮರಿ ಮಾಡುವ ವಯಸ್ಸು. ವರ್ಷಕ್ಕೆ ಹಲವು ಸಲ. ಕೊನೆಗೆ ಕೆರೆ ತುಂಬ ಜನ, ಊಟ ಅಷ್ಟೇ. ಎಲ್ಲವೂ ಅಂಗೈಯಗಲಕ್ಕೇ ನಿಂತುಬಿಡುತ್ತವೆ. ಸೈಕಲ್ ಕಡ್ಡಿಗೆ ಸೆಂಟಿಮೀಟರ್ ಗೀಟು ಹಾಕಿಕೊಂಡಿದ್ದೇನೆ. ಹಿಡಿದ ಒಂದೊಂದು ಜಿಲೇಬಿಯನ್ನೂ ಅದರ ಪಕ್ಕ ಇಟ್ಟು ಉದ್ದ ಬರೆಯುತ್ತೇನೆ. ಗಂಟೆಗೆ ಸಿಗುವ ಮೀನು ಹೆಚ್ಚಾಗುತ್ತಾ, ಉದ್ದ ಕಡಿಮೆ ಆಗುತ್ತಾ ಹೋದರೆ ಕೆರೆ ಕಿಕ್ಕಿರಿದಿದೆ ಅಂತ ಅರ್ಥ. ಅಂಥ ಕೆರೆಯಲ್ಲಿ ಸಣ್ಣ ಜಿಲೇಬಿಯನ್ನು ಅಯ್ಯೋ ಪಾಪ ಅಂತ ವಾಪಸ್ ಬಿಡಬೇಡಿ. ಮೆಣಸಿನಪುಡಿ, ಉಪ್ಪು, ಹುಣಸೆ ರಸ ಹಚ್ಚಿ ಹುರಿಯಿರಿ.

ಲೆಕ್ಕ ಇಡುವುದು ಹೇಗೆ ಅಂದರೆ, ಇಷ್ಟು ಮೀನು ಸಿಕ್ಕಿತು ಅಂತ ಬರೆದರೆ ಪ್ರಯೋಜನ ಇಲ್ಲ. ಒಂದು ಗಾಳ, ಒಂದು ಗಂಟೆ, ಎಷ್ಟು ಮೀನು, ಯಾವ ಜಾತಿ, ಎಲ್ಲಿ, ನೀರಿನ ಬಣ್ಣ. ಸೊನ್ನೆ ಬಂದ ದಿನವನ್ನೂ ಬರೆಯಬೇಕು. ಅದನ್ನು ಬರೆಯೋಕೆ ನನಗೆ ಎರಡು ವರ್ಷ ಬೇಕಾಯಿತು, ಸುಳ್ಳು ಯಾಕೆ.

ಒಟ್ಟು ಮೀನು ಎಷ್ಟಿದೆ ಅಂತ ತಿಳಿಯಬೇಕಾದರೆ ಒಂದು ಉಪಾಯ ಇದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ನಮ್ಮಕ್ಕನ ಮಗ ಹೇಳಿಕೊಟ್ಟದ್ದು. ನಾವು ಕೆರೆಯಲ್ಲಿ ಮಾಡಲಿಲ್ಲ, ಊರ ಪಕ್ಕದ ಗೋಕಟ್ಟೆಯಲ್ಲಿ ಮಾಡಿದೆವು. ಮೊದಲ ದಿನ 60 ಜಿಲೇಬಿ ಹಿಡಿದು, ಬಾಲದ ರೆಕ್ಕೆಯ ತುದಿ ಚೂರೇ ಚೂರು ಕತ್ತರಿಸಿ ವಾಪಸ್ ಬಿಟ್ಟೆವು. ಒಂದು ವಾರ ಬಿಟ್ಟು ಮತ್ತೆ 50 ಹಿಡಿದೆವು. ಅದರಲ್ಲಿ ರೆಕ್ಕೆ ಕತ್ತರಿಸಿದವು 6. ಅಂದರೆ ಕಟ್ಟೆಯ ಮೀನಿನಲ್ಲಿ ಎಂಟರಲ್ಲಿ ಒಂದಕ್ಕೆ ಗುರುತಿದೆ ಅಂತ ಹೆಚ್ಚು ಕಡಿಮೆ ಆಯಿತು. 60ನ್ನು 50ರಿಂದ ಗುಣಿಸಿ 6ರಿಂದ ಭಾಗಿಸಿದರೆ 500. ನಾನು 'ಇನ್ನೂರು ಇರಬಹುದು' ಅಂದಿದ್ದೆ! ಒಂದು ಎಚ್ಚರ: ಎರಡನೇ ಸಲ ಗಾಳದಿಂದಲೇ ಹಿಡಿದರೆ ಲೆಕ್ಕ ಜಾಸ್ತಿ ಬರುತ್ತದೆ. ಒಮ್ಮೆ ಗಾಳ ಕಚ್ಚಿದ ಮೀನು ಹುಷಾರಾಗಿರುತ್ತದೆ, ಗುರುತಿನವು ಕಡಿಮೆ ಸಿಗುತ್ತವೆ. ಅದಕ್ಕೇ ಎರಡನೇ ಸಲ ನಾವು ಬಲೆ ಎಳೆದೆವು. ನಡುವೆ ಹೊಸ ನೀರು ಬಂದು ಮೀನು ಸೇರಿದರೂ, ಹೊರಗೆ ಹೋದರೂ ಲೆಕ್ಕ ಕೆಟ್ಟಿತು. ಅರವತ್ತು ಎಕರೆ ಕೆರೆಗೆ ಇದು ಒಂದು ಗಾಳದವನ ಕೆಲಸವಲ್ಲ.

ಸಾಮಾನಿನ ವಿಷಯಕ್ಕೆ ಬಂದರೆ, ನನ್ನ ಕೋಲು ಬಿದಿರು. ಬೆಂಡು ಹವಾಯಿ ಚಪ್ಪಲಿ ಚೂರು. ಗಾಳದ ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು, ಇದು ತುಂಬ ಜನಕ್ಕೆ ಗೊತ್ತಿಲ್ಲ. ಜಿಲೇಬಿಗೆ 12, ಗೆಂಡೆಗೆ 6 ಸಾಕು. ಜಿಲೇಬಿಗೆ ಎರೆಹುಳು, ಅರ್ಧ ಇಂಚು, ಅಷ್ಟೇ. ಉದ್ದ ಹುಳು ಹಾಕಿದರೆ ಬಾಲ ತಿಂದು ಹೋಗುತ್ತದೆ. ಗೆಂಡೆಗೆ ರಾಗಿ ಹಿಟ್ಟು, ಕಡ್ಲೆಕಾಯಿ ಹಿಂಡಿ ಕಲಸಿ, ಮುದ್ದೆ ಹಾಗೆ ಬೇಯಿಸಿ, ಒಂದು ಚಿಟಿಕೆ ಹತ್ತಿ ಎಳೆದು ಸೇರಿಸಿ ನಾದಬೇಕು. ಹತ್ತಿ ಇದ್ದರೆ ನೀರಲ್ಲಿ ಕರಗಿ ಉದುರುವುದಿಲ್ಲ. ಹಿಂದಿನ ಸಂಜೆಯೇ ಅದೇ ಜಾಗಕ್ಕೆ ಎರಡು ಮೂರು ಉಂಡೆ ಎಸೆದು ಬನ್ನಿ. ಮಾರನೇ ದಿನ ಅಲ್ಲಿ ಸಾಸಿವೆ ಸಿಡಿದ ಹಾಗೆ ಸಣ್ಣ ಗುಳ್ಳೆ ಏಳುತ್ತಿದ್ದರೆ ಗೆಂಡೆ ಕೆಸರು ಕೆದಕುತ್ತಿದೆ. ಬೆಂಡು ಮುಳುಗಲಿ ಅಂತ ಕಾಯಬೇಡಿ. ಗೆಂಡೆ ತಳದಿಂದ ಎತ್ತಿದಾಗ ಬೆಂಡು ಮೇಲೆದ್ದು ಅಡ್ಡ ಮಲಗುತ್ತದೆ. ಆಗಲೇ ಎಳೆಯಿರಿ. ಕಾಟ್ಲಾ ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಹುಳುಗಳನ್ನು ಸೋಸಿ ತಿನ್ನುವ ಮೀನು, ಗಾಳಕ್ಕೆ ಅಪರೂಪ. ಹನ್ನೊಂದು ವರ್ಷದಲ್ಲಿ ನನಗೆ ನಾಲ್ಕು. ನಾಲ್ಕೂ ತೌಡು, ಹಿಂಡಿ ಉಂಡೆಗೆ, ಒಂದೂವರೆ ಅಡಿ ಆಳದಲ್ಲಿ.

ಕೊರವಕ್ಕೆ ಜನ ಕಪ್ಪೆ ಕಟ್ಟುತ್ತಾರೆ. ನಾನು ರಬ್ಬರ್ ಟ್ಯೂಬಿನ ಚೂರಿನಿಂದ ಕಪ್ಪೆ ಮಾಡಿಕೊಂಡಿದ್ದೇನೆ, ಜೊಂಡಿನ ಅಂಚಿಗೆ ಎಳೆದರೆ ಸಾಕು, ಧಡ್ ಅಂತ ಹೊಡೆಯುತ್ತದೆ. ಆದರೆ ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಕೆಂಪು ಮರಿಗಳ ಗೊಂಚಲು ಕುದಿಯುವ ಹಾಗೆ ಕಂಡರೆ ಅಲ್ಲಿ ಹಾಕಬೇಡಿ. ಅದರ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ, ಸಿಟ್ಟಿಗೆ ಏನು ಕಂಡರೂ ಕಚ್ಚುತ್ತವೆ. ಹಿಡಿಯುವುದು ಸುಲಭ. ಹಿಡಿದರೆ ಮರಿಗಳು ಸಂಜೆಗೆಲ್ಲ ಬೇರೆಯವರ ಹೊಟ್ಟೆಗೆ.

ಎರಡು ಮೂರು ಕೆಜಿ ತೂಗುವ ಮೀಸೆ ಮೀನು ಬಂದರೆ ಅದು ನಮ್ಮ ಮುರುಗೋಡಲ್ಲ, ಆಫ್ರಿಕನ್ ಕ್ಯಾಟ್‌ಫಿಶ್. 2000ದಿಂದ ದೇಶದಲ್ಲಿ ಅದನ್ನು ಸಾಕುವುದಕ್ಕೆ ನಿಷೇಧ ಇದೆ, ಆದರೂ ಎಲ್ಲಿಂದಲೋ ಬರುತ್ತದೆ. ಕೆರೆಗೆ ಮಾತ್ರ ವಾಪಸ್ ಬಿಡಬೇಡಿ. ಚೇಳು ಮೀನಿನ ವಿಷಯದಲ್ಲಿ ಹುಷಾರು. ಎದೆಯ ರೆಕ್ಕೆಯಲ್ಲಿ ವಿಷದ ಮುಳ್ಳಿದೆ. ಒಮ್ಮೆ ಹೆಬ್ಬೆರಳಿಗೆ ಹೊಡೆಸಿಕೊಂಡು ಎರಡು ದಿನ ಟೈರ್ ಬಿಚ್ಚಲಾಗಲಿಲ್ಲ. ಚರ್ಮ ಸುಡದಷ್ಟು ಬಿಸಿ ನೀರಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ. ಊತ ಏರುತ್ತಾ ಹೋದರೆ ಆಸ್ಪತ್ರೆಗೆ ಹೋಗಿ.

ಕೆರೆ ಮೀನು ಹರಾಜಾಗಿರುತ್ತದೆ ಅನ್ನುವುದನ್ನು ಮರೆಯಬೇಡಿ. ಗುತ್ತಿಗೆ ಹಿಡಿದವರು ದುಡ್ಡು ಕಟ್ಟಿ ಮರಿ ಬಿಟ್ಟಿರುತ್ತಾರೆ. ಒಂದು ವರ್ಷ ನಾನು ಕೇಳದೆ ಹಾಕಿದ್ದಕ್ಕೆ ಕೋಲು ಮುರಿಸಿಕೊಂಡೆ. ತಪ್ಪು ನನ್ನದೇ. ಆಮೇಲೆ ಬಂದವರ ಹತ್ತಿರ ಮೊದಲೇ ಹೋಗಿ, 'ಅಣ್ಣ, ಮಂಗಳವಾರ ಒಂದು ಗಾಳ, ಜಿಲೇಬಿ ಮಾತ್ರ, ಗೆಂಡೆ ಬಂದರೆ ನಿಮಗೆ ಹೇಳ್ತೀನಿ' ಅಂದೆ. ಒಪ್ಪಿದರು. ಈಗ ಬಲೆ ಎಳೆಯುವ ದಿನ ಅವರೇ ಫೋನ್ ಮಾಡುತ್ತಾರೆ. ಆ ದಿನ ತಪ್ಪಿಸಬೇಡಿ. ಏರಿ ಮೇಲೆ ರಾಶಿ ಹಾಕಿದ ಮೀನನ್ನು ಅರ್ಧ ಗಂಟೆ ನೋಡಿದರೆ ವರ್ಷವಿಡೀ ಗಾಳದಲ್ಲಿ ಕಾಣದ್ದು ಕಾಣುತ್ತದೆ.

ನೀರಿಗೆ ಇಳಿಯಬೇಡಿ. ಹೂಳು ತೆಗೆದ ಕೆರೆಗಳಲ್ಲಿ ಜೆಸಿಬಿ ತೋಡಿದ ಗುಂಡಿಗಳು ನೀರೊಳಗೆ ಕಾಣುವುದಿಲ್ಲ. ಮೊಣಕಾಲುದ್ದ ಇದ್ದದ್ದು ಮುಂದಿನ ಹೆಜ್ಜೆಗೆ ಎರಡಾಳು. ಗಾಳ ಸಿಕ್ಕಿಕೊಂಡರೆ ದಾರ ಕಿತ್ತುಕೊಂಡು ಸುಮ್ನೆ ಬನ್ನಿ, ಹತ್ತು ರೂಪಾಯಿ ಹೋಗಲಿ. ದಡದಲ್ಲಿ ಬಿದ್ದ ನೈಲಾನ್ ದಾರ ಮಾತ್ರ ಸುತ್ತಿಕೊಂಡು ಜೇಬಿಗೆ ಹಾಕಿಕೊಳ್ಳಿ. ನೀರುಕಾಗೆಯ ಕಾಲಿಗೆ ಸುತ್ತಿಕೊಂಡದ್ದನ್ನು ಎರಡು ಸಲ ನಾನೇ ಬಿಡಿಸಿದ್ದೇನೆ, ಕೊಕ್ಕಿನೇಟು ತಿಂದು.

ಹೊತ್ತು ಯಾವುದು ಅಂತ ಕೇಳುತ್ತೀರಲ್ಲ. ಬೇಸಿಗೆಯಲ್ಲಿ ಏಳರಿಂದ ಒಂಬತ್ತೂವರೆ, ಮತ್ತೆ ಐದರ ಮೇಲೆ. ಮೊದಲ ಮಳೆಗೆ ಹಳ್ಳದಲ್ಲಿ ಕೆಂಪು ನೀರು ಬಂದ ದಿನ ಮೀನು ಹತ್ತುತ್ತವೆ, ಮೊಟ್ಟೆ ಹೊತ್ತು ಹೊರಟವು. ಆ ವಾರ ನಾನು ಛತ್ರಿ ಹಿಡಿದು ನೋಡೋಕೆ ಹೋಗುತ್ತೇನೆ, ಗಾಳ ಮನೆಯಲ್ಲೇ. ಒಳ್ಳೆ ಕಾಲ ಅಂದರೆ ಚಿತ್ತೆ, ಸ್ವಾತಿ ಮಳೆ ಮುಗಿದು ನೀರು ತಿಳಿಯಾದ ಮೇಲೆ. ನವೆಂಬರ್‌ನಲ್ಲಿ ನನ್ನ ಪುಸ್ತಕದ ಹಾಳೆ ತುಂಬುತ್ತದೆ. ಸಂಕ್ರಾಂತಿ ಚಳಿಗೆ ಮತ್ತೆ ಸೊನ್ನೆ.

ಇನ್ನು ನಮ್ಮ ಕೆರೆಗೆ ಬರುವವರಿಗೆ: ತೂಬಿನ ಎಡಕ್ಕೆ ಮೂರನೇ ಕಲ್ಲು ನನ್ನದು. ಮಂಗಳವಾರ ಬಿಟ್ಟು ಯಾವತ್ತು ಬೇಕಾದರೂ ಕೂತುಕೊಳ್ಳಿ.